ಬುಧವಾರ ಸಂಜೆಯ ದೋಣಿಗಳು

ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನ ದಕ್ಷಿಣಕ್ಕೆ, ಕಡಲಂಚಿನಲ್ಲಿ, ಡನ್ ಲೇರಿ ಎಂಬ ಬಂದರಿದೆ. ಗ್ರಾನೈಟ್ ಕಲ್ಲಿನ ಎರಡು ಉದ್ದನೆಯ ಕಟ್ಟೆಗಳು ಅಲ್ಲಿ ಸಮುದ್ರದ ಒಂದು ತುಂಡನ್ನು ತೋಳಲ್ಲಿ ಬಳಸಿ ಹಿಡಿದಿವೆ. ಬೇಸಿಗೆಯ ಬುಧವಾರ ಸಂಜೆ, ಕಚೇರಿ ಅಂಗಡಿಗಳ ಕೆಲಸ ಮುಗಿದ ಮೇಲೆ, ಆ ನೀರಿನಲ್ಲಿ ಪುಟ್ಟ ಮರದ ಹಾಯಿದೋಣಿಗಳು ಪಂದ್ಯಕ್ಕೆ ಸಾಲುಗಟ್ಟುತ್ತವೆ. ಹೆಸರು ವಾಟರ್ ವ್ಯಾಗ್. ಉದ್ದ 14 ಅಡಿ 3 ಅಂಗುಲ. ಎಲ್ಲವೂ ಒಂದೇ ಆಕಾರ, ಒಂದೇ ಅಳತೆಯ ಹಾಯಿ. ವಯಸ್ಸು ಮಾತ್ರ ಒಂದೇ ಅಲ್ಲ. ಮೊದಲನೇ ಮಹಾಯುದ್ಧಕ್ಕೂ ಮುಂಚೆ ಕಟ್ಟಿದ ದೋಣಿಯ ಮಗ್ಗುಲಿಗೆ ಈ ಶತಮಾನದಲ್ಲಿ ಕಟ್ಟಿದ ದೋಣಿ ನಿಂತಿರುತ್ತದೆ. ದಡದಿಂದ ನೋಡುವವರಿಗೆ ಯಾವುದು ಮುತ್ತಜ್ಜಿ, ಯಾವುದು ಮರಿಮಗಳು ಎಂದು ಗುರುತಿಸುವುದು ಕಷ್ಟ. ಹತ್ತಿರ ಹೋದರೂ ಸುಲಭವಲ್ಲ. ಮುತ್ತಜ್ಜಿಯ ಮೈಯಲ್ಲಿರುವ ಮರದಲ್ಲಿ ಬಹುಪಾಲು ಮರಿಮಗಳ ವಯಸ್ಸಿನದೇ ಆಗಿರಬಹುದು.

ಹಾಗಿದ್ದರೆ ಅವಳು ಮುತ್ತಜ್ಜಿ ಹೇಗಾದಳು?

ಈ ಪ್ರಶ್ನೆ ತತ್ತ್ವಶಾಸ್ತ್ರದ ತರಗತಿಗಳಲ್ಲಿ ಸಾವಿರ ಸಲ ಚರ್ಚೆಯಾಗಿದೆ. ಆದರೆ ಅಲ್ಲಿ ಚರ್ಚೆಯಾಗುವ ದೋಣಿಗೆ ಗಾಳಿಯಿಲ್ಲ, ನೀರಿಲ್ಲ, ಅದನ್ನು ಹತ್ತಿ ಕೂರುವವರಿಲ್ಲ. ಡನ್ ಲೇರಿಯಲ್ಲಿ ಇವು ಮೂರೂ ಇವೆ. ಪ್ರಶ್ನೆ ಕೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಸಿಗುವುದು ಅಪರೂಪ.

ವಾಟರ್ ವ್ಯಾಗ್ ಹುಟ್ಟಿದ್ದು ಒಂದು ಬೇಸರದಿಂದ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹಾಯಿದೋಣಿಯ ಪಂದ್ಯ ಹಣವಂತರ ಆಟವಾಗಿತ್ತು. ದೋಣಿಗಳ ಅಳತೆ ಬೇರೆ ಬೇರೆ. ದೊಡ್ಡದು ಚಿಕ್ಕದಕ್ಕೆ ಇಷ್ಟು ನಿಮಿಷ ರಿಯಾಯಿತಿ ಕೊಡಬೇಕೆಂಬ ಲೆಕ್ಕಾಚಾರ. ಆ ಲೆಕ್ಕದ ಸಂದುಗಳನ್ನು ಹುಡುಕಿ ಹೊಸ ದೋಣಿ ಕಟ್ಟಿಸುವಷ್ಟು ದುಡ್ಡು ಯಾರಲ್ಲಿತ್ತೋ ಗೆಲುವು ಅವರದು. ಕಳೆದ ವರ್ಷದ ದೋಣಿ ಈ ವರ್ಷ ಬೆಲೆಯಿಲ್ಲದ ಮರದ ರಾಶಿ. 1886ರಲ್ಲಿ ಥಾಮಸ್ ಮಿಡಲ್‌ಟನ್ ಎಂಬಾತ ಡಬ್ಲಿನ್ ಕೊಲ್ಲಿಯ ಗೆಳೆಯರ ಮುಂದೆ ಒಂದು ಸರಳ ಸಲಹೆ ಇಟ್ಟ: ಎಲ್ಲರೂ ಒಂದೇ ಥರದ ದೋಣಿ ಕಟ್ಟಿಸೋಣ, ಯಾರದ್ದೂ ಇನ್ನೊಬ್ಬರದಕ್ಕಿಂತ ಮೇಲಲ್ಲ. ಮರುವರ್ಷ, 1887ರಲ್ಲಿ, ಕ್ಲಬ್ ಆರಂಭವಾಯಿತು. ಇಂದು ಜಗತ್ತಿನ ಕಡಲುಗಳಲ್ಲಿ ಓಡುವ ನೂರಾರು ‘ಒನ್ ಡಿಸೈನ್’ ವರ್ಗಗಳಿಗೆ ಅದೇ ಮೂಲ.

ಗಮನಿಸಬೇಕಾದ್ದು ಏನೆಂದರೆ, ಹಳೆಯದನ್ನು ಉಳಿಸಬೇಕು ಎಂದು ಅಂದು ಯಾರೂ ಹೊರಟಿರಲಿಲ್ಲ. ಎಲ್ಲರೂ ತಮ್ಮ ಕೈಯಲ್ಲಿದ್ದ ಒಂದು ಅನುಕೂಲವನ್ನು ಬಿಟ್ಟುಕೊಟ್ಟರು, ಅಷ್ಟೇ. ಉಳಿವು ಅದರ ಬೆನ್ನಿಗೆ ತಾನಾಗಿ ಬಂತು. ಹೊಸ ದೋಣಿ ಹಳೆಯದಕ್ಕಿಂತ ವೇಗವಾಗಿ ಓಡಕೂಡದು ಎಂಬ ನಿಯಮ ಇದ್ದಮೇಲೆ ಹಳೆಯದನ್ನು ಬಿಸಾಡುವುದಕ್ಕೆ ಕಾರಣವೇ ಉಳಿಯುವುದಿಲ್ಲ. ಒಂದು ಹಲಗೆ ಕೊಳೆತರೆ ಆ ಒಂದು ಹಲಗೆಯನ್ನು ಬದಲಿಸಿದರೆ ಸಾಕು. ಮುಂದಿನ ಬುಧವಾರ ಅವಳು ಮತ್ತೆ ಸರಿಸಮಾನಳು. ಸಮಾನತೆಯೇ ಇಲ್ಲಿ ಆಯುಸ್ಸು ಕೊಟ್ಟಿತು.

ಆದರೆ ಕಥೆ ಇಷ್ಟು ನೇರವಾಗಿಲ್ಲ. 1887ರ ವಾಟರ್ ವ್ಯಾಗ್ 13 ಅಡಿ ಉದ್ದದ, ಹಿಂದೆ ಮುಂದೆ ಎರಡೂ ಕಡೆ ಚೂಪಾದ ದೋಣಿ. ಇಂದು ಓಡುತ್ತಿರುವುದು ಅದಲ್ಲ. 1900ರಲ್ಲಿ ಸದಸ್ಯರು ತುಸು ದೊಡ್ಡ ದೋಣಿ ಬೇಕೆಂದರು. ಬಂದರಿನ ದೋಣಿ ಕಟ್ಟುವವ ಜೆ. ಇ. ಡಾಯ್ಲ್‌ನ ಮಗಳು ಮೇಮಿ ಡಾಯ್ಲ್ ಹೊಸ ದೋಣಿಯ ಗೆರೆಗಳನ್ನು ಬರೆದಳು. ಹಿಂಬದಿ ಚಪ್ಪಟೆಯಾಯಿತು, ಮೈ ಅಗಲವಾಯಿತು, ಹಾಯಿ ಬದಲಾಯಿತು. ದೋಣಿಯ ವಿನ್ಯಾಸ ಗಂಡಸರ ಕೆಲಸವೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಎಳೆದ ಆ ಗೆರೆ ನೂರಿಪ್ಪತ್ತು ವರ್ಷ ದಾಟಿ ಇವತ್ತಿಗೂ ನೀರನ್ನು ಸೀಳುತ್ತಿದೆ. ಇಷ್ಟಾಗಿಯೂ ಕ್ಲಬ್ ಹೆಸರು ಬದಲಿಸಲಿಲ್ಲ, ವಯಸ್ಸನ್ನು ಮರು ಎಣಿಸಲಿಲ್ಲ. ನಾವು 1887ರವರು ಎಂದೇ ಹೇಳಿಕೊಳ್ಳುತ್ತದೆ. ಮರವೂ ಬೇರೆ, ಆಕಾರವೂ ಬೇರೆ. ಮತ್ತೆ ಉಳಿದದ್ದೇನು?

ಇಲ್ಲಿ ಅಥೆನ್ಸಿಗೆ ಹೋಗಿಬರಬೇಕು. ಥೀಸಿಯಸ್ ಎಂಬ ವೀರ ಕ್ರೀಟ್ ದ್ವೀಪಕ್ಕೆ ಹೋಗಿ ಬಲಿಗೆಂದು ಒಯ್ದಿದ್ದ ಎಳೆಯರನ್ನು ಬಿಡಿಸಿ ತಂದ ಹಡಗನ್ನು ಅಥೆನ್ಸಿನ ಜನ ನೂರಾರು ವರ್ಷ ಕಾಪಾಡಿದರು. ಮೂವತ್ತು ಹುಟ್ಟುಗಳ ಹಡಗು. ಕೊಳೆತ ಹಲಗೆ ತೆಗೆದು ಗಟ್ಟಿ ಹಲಗೆ ಹಾಕುತ್ತಾ ಹೋದರು. ಇದು ಅದೇ ಹಡಗೋ ಅಲ್ಲವೋ ಎಂದು ತತ್ತ್ವಜ್ಞಾನಿಗಳು ವಾದಿಸುತ್ತಿದ್ದರು ಎಂದು ಪ್ಲುಟಾರ್ಕ್ ಬರೆದಿಟ್ಟ. ಹದಿನೇಳನೇ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ಹಾಬ್ಸ್ ಇದಕ್ಕೊಂದು ಗಂಟು ಹಾಕಿದ: ತೆಗೆದ ಹಳೆಯ ಹಲಗೆಗಳನ್ನೆಲ್ಲ ಒಬ್ಬ ಜೋಪಾನ ಮಾಡಿ, ಅದೇ ಕ್ರಮದಲ್ಲಿ ಜೋಡಿಸಿ ಇನ್ನೊಂದು ಹಡಗು ಕಟ್ಟಿದರೆ? ಎರಡರಲ್ಲಿ ಥೀಸಿಯಸ್‌ನದು ಯಾವುದು?

ಅಲ್ಲಿಂದ ಇಲ್ಲಿಯವರೆಗೆ ಚರ್ಚೆಯೆಲ್ಲ ಹಲಗೆಯ ಸುತ್ತಲೇ ತಿರುಗಿದೆ. ಆ ಹಡಗು ಏನು ಕೆಲಸ ಮಾಡುತ್ತಿತ್ತು ಎಂದು ಕೇಳಿದವರು ಕಡಿಮೆ. ಉತ್ತರ ಪ್ಲೇಟೋನ ‘ಫೀಡೋ’ ಸಂವಾದದ ಆರಂಭದಲ್ಲೇ ಇದೆ. ಎಳೆಯರು ಬದುಕಿ ಬಂದರೆ ಪ್ರತಿವರ್ಷ ಡೀಲೋಸ್ ದ್ವೀಪಕ್ಕೆ ಯಾತ್ರೆ ಕಳಿಸುತ್ತೇವೆ ಎಂದು ಅಥೆನ್ಸಿನವರು ಅಪೋಲೋ ದೇವರಿಗೆ ಹರಕೆ ಹೊತ್ತಿದ್ದರು. ಥೀಸಿಯಸ್ ಹೋದ ಹಡಗೆಂದು ಅವರು ಹೇಳುತ್ತಿದ್ದ ಆ ಹಡಗು ವರ್ಷ ವರ್ಷವೂ ಆ ಹರಕೆ ತೀರಿಸಲು ಡೀಲೋಸಿಗೆ ಹೋಗಿ ಬರುತ್ತಿತ್ತು. ಹಡಗು ಹೊರಟು ಹಿಂತಿರುಗುವ ತನಕ ಊರು ಮಡಿಯಲ್ಲಿರಬೇಕು, ಯಾರಿಗೂ ಮರಣದಂಡನೆ ಕೊಡಕೂಡದು. ಕ್ರಿ.ಪೂ. 399ರಲ್ಲಿ ಸಾಕ್ರಟೀಸ್‌ಗೆ ವಿಷ ಕುಡಿಸುವ ತೀರ್ಪು ಬಂದದ್ದು ಹಡಗಿನ ಹಿಂಬದಿಗೆ ಹೂಮಾಲೆ ಹಾಕಿದ ಮರುದಿನ. ಹಾಗಾಗಿ ಅವನಿಗೆ ಇನ್ನೂ ಸುಮಾರು ಒಂದು ತಿಂಗಳ ಆಯುಸ್ಸು ಸಿಕ್ಕಿತು. ಸೆರೆಮನೆಯಲ್ಲಿ ಗೆಳೆಯರೊಡನೆ ಮಾತಾಡಲು ಅವನಿಗೆ ದೊರೆತ ಆ ದಿನಗಳೆಲ್ಲ ಹಲಗೆ ಬದಲಿಸಿಕೊಂಡ ಒಂದು ಹಡಗು ಕೊಟ್ಟವು.

ಆ ದಿನಗಳಲ್ಲಿ ಅಥೆನ್ಸಿನ ನ್ಯಾಯಾಧಿಕಾರಿ ಯಾರಾದರೂ, ಇದು ನಿಜಕ್ಕೂ ಅದೇ ಹಡಗಲ್ಲ, ಆದ್ದರಿಂದ ಇವತ್ತೇ ವಿಷ ಕೊಡಿ ಎನ್ನಬಹುದಿತ್ತೇ? ಖಂಡಿತ ಇಲ್ಲ. ಹರಕೆ ಮರದ ವಯಸ್ಸಿನ ಮೇಲೆ ನಿಂತಿರಲಿಲ್ಲ. ವರ್ಷಾವರ್ಷ ಹೋಗುತ್ತೇವೆ ಎಂಬ ಮಾತು ಮೊದಲು. ಹೋಗಬೇಕಾದರೆ ಹಡಗು ಗಟ್ಟಿಯಿರಬೇಕು. ಗಟ್ಟಿಯಿರಬೇಕಾದರೆ ಹಲಗೆ ಬದಲಾಗಬೇಕು. ಕಾಪಾಡುವ ಕೆಲಸ ಹರಕೆಯ ಹಿಂದೆ ನಡೆದುಬಂತು. ಡಬ್ಲಿನ್ ಕೊಲ್ಲಿಯಲ್ಲೂ ನಡೆದದ್ದು ಇದೇ. ಅಲ್ಲಿ ಅಪೋಲೋ ಇಲ್ಲ. ಯಾರೂ ಇನ್ನೊಬ್ಬರಿಗಿಂತ ಮೇಲಿನ ದೋಣಿ ತರುವುದಿಲ್ಲ ಎಂದು ನೆರೆಹೊರೆಯವರು ಪರಸ್ಪರ ಕೊಟ್ಟುಕೊಂಡ ಮಾತು ಇದೆ. 1900ರಲ್ಲಿ ಆಕಾರ ಹೋಯಿತು, ಮಾತು ಹೋಗಲಿಲ್ಲ.

ಮರದ ದೋಣಿ ಹೇಗೆ ಹಳತಾಗುತ್ತದೆ ಎಂದು ನೋಡಿದರೆ ಈ ಮಾತಿಗೆ ಮೈ ಬರುತ್ತದೆ. ವಾಟರ್ ವ್ಯಾಗ್‌ನ ಹಲಗೆಗಳು ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು ಬರುವಂತೆ, ಮನೆಯ ಮಾಡಿಗೆ ಹಂಚು ಹೊದಿಸಿದ ಹಾಗೆ, ಕೂತಿರುತ್ತವೆ. ಒಳಗಡೆ ಎಲುಬುಗಳಂತೆ ಬಾಗಿದ ತೆಳು ಮರದ ಪಟ್ಟಿಗಳು. ಅವನ್ನು ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮುನ್ನ ಕೆಲವೇ ಕ್ಷಣಗಳಲ್ಲಿ ಬಾಗಿಸಿ ಕೂರಿಸಬೇಕು. ಹಲಗೆ ಮತ್ತು ಎಲುಬನ್ನು ಹಿಡಿಯುವುದು ತಾಮ್ರದ ಮೊಳೆ. ಹೊರಗಿನಿಂದ ಮೊಳೆ ಹೊಡೆದು, ಒಳಗೆ ಅದರ ತುದಿಗೆ ತಾಮ್ರದ ಬಿಲ್ಲೆ ತೊಡಿಸಿ, ಉಳಿದ ತುದಿ ಕತ್ತರಿಸಿ, ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡುತ್ತಾರೆ. ಒಳಗೊಬ್ಬರು ಬಡಿಯುವಾಗ ಹೊರಗೊಬ್ಬರು ಮೊಳೆಯ ತಲೆಗೆ ಭಾರವಾದ ಕಬ್ಬಿಣ ಒತ್ತಿ ಹಿಡಿದಿರಬೇಕು. ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣದು. ಸುತ್ತಿಗೆಯ ಸದ್ದೇ ಮಾತು. ಸಾವಿರಾರು ಮೊಳೆ ಹೀಗೆ ಹೊಡೆದಾಗ ಒಂದು ದೋಣಿ.

ಅವಳನ್ನು ಕೊಳೆಸುವುದು ಕಡಲ ಉಪ್ಪುನೀರಲ್ಲ. ಉಪ್ಪು ಮರವನ್ನು ಒಂದು ಮಟ್ಟಿಗೆ ಕಾಯುತ್ತದೆ. ಕೊಳೆಸುವುದು ಮಳೆನೀರು, ಅದೂ ಗಾಳಿಯಾಡದ ಮೂಲೆಯಲ್ಲಿ ನಿಂತ ಮಳೆನೀರು. ಎಲುಬುಗಳು ಬಾಗು ಹೆಚ್ಚಿರುವ ಕಡೆ ಬಿರುಕು ಬಿಡುತ್ತವೆ. ಅಡಿಮರಕ್ಕೆ ಅಂಟಿಕೊಂಡ ಮೊದಲ ಹಲಗೆ ಬೇಗ ಸೋಲುತ್ತದೆ. ತಿಳಿದ ಬಡಗಿ ಎಲ್ಲ ಹಲಗೆಗಳನ್ನೂ ಒಟ್ಟಿಗೆ ಬಿಚ್ಚುವುದಿಲ್ಲ. ಮೊದಲು ದೋಣಿಯ ಒಳಗೆ ಅವಳ ಆಕಾರಕ್ಕೇ ಕೊರೆದ ಅಚ್ಚುಗಳನ್ನು ನಿಲ್ಲಿಸುತ್ತಾನೆ, ಇಲ್ಲವಾದರೆ ಮರ ಬಿಗಿ ಸಡಿಲಿಸಿ ಮೈ ಅಗಲಿಸಿಬಿಡುತ್ತದೆ. ಆಮೇಲೆ ಒಂದೊಂದೇ ಹಲಗೆ. ತೆಗೆದ ಹಲಗೆಯನ್ನು ಹೊಸ ಮರದ ಮೇಲಿಟ್ಟು ಗೆರೆ ಎಳೆಯುತ್ತಾನೆ. ಹಾಗೆ ನೋಡಿದರೆ ಹಳೆಯ ಹಲಗೆಯ ಕೊನೆಯ ಕೆಲಸ ತನ್ನ ಜಾಗಕ್ಕೆ ಬರುವವಳಿಗೆ ಅಳತೆ ಹೇಳಿಕೊಡುವುದು.

ಭಾರತದ ದರ್ಶನಗಳು ದೋಣಿಯನ್ನು ಹಿಡಿದು ವಾದಿಸಲಿಲ್ಲ. ಅವು ಬಟ್ಟೆ, ರಥ, ದೀಪ, ಚಿನ್ನ ಹಿಡಿದು ವಾದಿಸಿದವು. ಅವುಗಳಲ್ಲಿ ಅತ್ಯಂತ ಕಠಿಣ ನಿಲುವು ನ್ಯಾಯ-ವೈಶೇಷಿಕರದು. ಅವರಿಗೆ ಬಟ್ಟೆ ಎಂಬುದು ಎಳೆಗಳ ರಾಶಿಯಲ್ಲ. ಎಳೆಗಳಲ್ಲಿ ನೆಲೆಸಿದ, ಎಳೆಗಳಿಗಿಂತ ಬೇರೆಯಾದ ಒಂದು ಇಡಿ ವಸ್ತು, ‘ಅವಯವಿ’. ಇಷ್ಟು ಕೇಳಿದರೆ ದೋಣಿಯ ಪಕ್ಷ ವಹಿಸಿದಂತೆ ಕಾಣುತ್ತದೆ. ಆದರೆ ಅವರು ಮುಂದೆ ಹೇಳುವುದು ಎದೆ ಝಲ್ಲೆನ್ನಿಸುವಂಥದ್ದು. ಒಂದು ಎಳೆ ಕಿತ್ತರೂ ಆ ಬಟ್ಟೆ ನಾಶವಾಯಿತು, ಉಳಿದ ಎಳೆಗಳಲ್ಲಿ ಹುಟ್ಟಿದ್ದು ‘ಖಂಡಪಟ’ ಎಂಬ ಹೊಸ ಬಟ್ಟೆ. ಈ ಲೆಕ್ಕದಲ್ಲಿ ವಾಟರ್ ವ್ಯಾಗ್‌ನ ಒಂದು ಮೊಳೆ ಕಿತ್ತರೂ ದೋಣಿ ಹೊಸದು. ಅದೇ ದೋಣಿ ಎನ್ನುವುದು ಹೋಲಿಕೆಯಿಂದ ಹುಟ್ಟಿದ ಮಾತಷ್ಟೇ. ತರ್ಕಕ್ಕೆ ಇದು ಸರಿ ಇರಬಹುದು. ಇದನ್ನು ನಂಬಿ ಯಾರೂ ದೋಣಿ ರಿಪೇರಿ ಮಾಡಲಾರರು, ಯಾಕೆಂದರೆ ಈ ಮತದಲ್ಲಿ ರಿಪೇರಿ ಎಂಬುದೇ ಇಲ್ಲ. ಬರೀ ನಾಶ, ಬರೀ ಉತ್ಪತ್ತಿ.

ಬೌದ್ಧರ ‘ಮಿಲಿಂದಪಞ್ಹ’ದಲ್ಲಿ ಪ್ರಶ್ನೆ ಕೇಳುವವನೇ ಗ್ರೀಕ್ ಮೂಲದ ಅರಸ, ಮಿನಾಂಡರ್. ಥೀಸಿಯಸ್‌ನ ಕಥೆ ಕೇಳಿ ಬೆಳೆದ ಜನರ ವಂಶದವನು. ಭಿಕ್ಷು ನಾಗಸೇನ ಅವನಿಗೆ ಅವನೇ ಹತ್ತಿ ಬಂದ ರಥ ತೋರಿಸಿ, ಗಾಲಿ ರಥವೇ, ಅಚ್ಚು ರಥವೇ, ನೊಗ ರಥವೇ ಎಂದು ಕೇಳುತ್ತಾ ಹೋಗುತ್ತಾನೆ. ಯಾವುದೂ ಅಲ್ಲ. ಎಲ್ಲ ಕೂಡಿದಾಗ ಜನ ಇಟ್ಟುಕೊಂಡ ವ್ಯವಹಾರದ ಹೆಸರು ರಥ. ಅದೇ ಗ್ರಂಥದಲ್ಲಿ ಇರುಳೆಲ್ಲ ಉರಿಯುವ ದೀಪದ ಮಾತೂ ಬರುತ್ತದೆ. ಮೊದಲ ಜಾವದ ಜ್ವಾಲೆಯೂ ಕೊನೆಯ ಜಾವದ ಜ್ವಾಲೆಯೂ ಒಂದೇ ಅಲ್ಲ, ಬೇರೆಯೂ ಅಲ್ಲ. ಒಂದರಿಂದ ಒಂದು ಹತ್ತಿಕೊಂಡು ಬಂದದ್ದು. ರಥಕ್ಕಿಂತ ದೀಪ ದೋಣಿಗೆ ಹೆಚ್ಚು ಹತ್ತಿರ. ಅದರಲ್ಲಿ ಕಾಲವಿದೆ, ಎಣ್ಣೆ ಹೊಯ್ಯುವ ಕೈಯಿದೆ.

ಕನ್ನಡ ನಾಡಿನ ಜೈನ ಪರಂಪರೆ ಇಂದಿಗೂ ಪೂಜ್ಯಭಾವದಿಂದ ನೆನೆಯುವ ಸಮಂತಭದ್ರರು ‘ಆಪ್ತಮೀಮಾಂಸೆ’ಯಲ್ಲಿ ಕೊಡುವ ಉದಾಹರಣೆ ಇನ್ನೂ ಸೂಕ್ಷ್ಮ. ಚಿನ್ನದ ಕೊಡ ಕರಗಿಸಿ ಕಿರೀಟ ಮಾಡುತ್ತಾರೆ. ಕೊಡ ಬೇಕಾಗಿದ್ದವನಿಗೆ ದುಃಖ, ಕಿರೀಟ ಬೇಕಾಗಿದ್ದವನಿಗೆ ಸಂತೋಷ, ಚಿನ್ನ ಬೇಕಾಗಿದ್ದವನಿಗೆ ಎರಡೂ ಇಲ್ಲ. ಹುಟ್ಟು, ಅಳಿವು, ನೆಲೆ ಮೂರೂ ಒಂದೇ ವಸ್ತುವಿನಲ್ಲಿ ಒಂದೇ ಗಳಿಗೆಯಲ್ಲಿ ಇವೆ ಎಂದು ತೋರಿಸುವ ಪರಿ ಇದು. ಮೂವರ ಮನಸ್ಸಿನ ಮೂರು ಸ್ಥಿತಿಗಳನ್ನೇ ಸಾಕ್ಷಿಯಾಗಿ ನಿಲ್ಲಿಸಿರುವುದು ಇದರ ಸೊಗಸು. ಆದರೆ ದೋಣಿಗೆ ಇದನ್ನು ಹಚ್ಚಲು ಹೋದರೆ ಉದಾಹರಣೆ ತಲೆಕೆಳಗಾಗುತ್ತದೆ. ಕೊಡದಲ್ಲಿ ಆಕಾರ ಹೋಗಿ ಚಿನ್ನ ಉಳಿಯಿತು. ದೋಣಿಯಲ್ಲಿ ಮರ ಹೋಗಿ ಆಕಾರ ಉಳಿಯುತ್ತದೆ. ಮೇಮಿ ಡಾಯ್ಲ್ ಗೆರೆ ಎಳೆದಾಗ ಆಕಾರವೂ ಉಳಿಯಲಿಲ್ಲ. ಹಾಗಾದರೆ ಇಲ್ಲಿ ಚಿನ್ನ ಯಾವುದು? ಥೀಸಿಯಸ್‌ನ ಹಡಗು ಸೂಚಿಸುವ ಉತ್ತರ ಒಂದೇ: ಹರಕೆಯೇ ಚಿನ್ನ.

ಈ ಉತ್ತರಕ್ಕೆ ಗಟ್ಟಿ ಆಕ್ಷೇಪವೊಂದಿದೆ. ಕೊಟ್ಟ ಮಾತೇ ಎಲ್ಲವಾದರೆ ಮರವೇ ಯಾಕೆ ಬೇಕು? ನಮ್ಮ ಕರಾವಳಿಯಲ್ಲೂ ಈಗ ಎಲ್ಲೆಲ್ಲೂ ಫೈಬರ್ ದೋಣಿ. ಕೊಳೆಯದು, ಕೆಲಸ ಕಡಿಮೆ. ಎಲ್ಲರೂ ಒಪ್ಪಿ ಫೈಬರಿಗೆ ಹೋದರೆ ಸಮಾನತೆಗೇನೂ ಭಂಗವಿಲ್ಲವಲ್ಲ?

ಹಾಗೆ ಹೋದವರೂ ಇದ್ದಾರೆ. ಅಮೆರಿಕದ ನಥಾನಿಯಲ್ ಹೆರೆಷಾಫ್ 1914ರಲ್ಲಿ ಮಕ್ಕಳಿಗೆ ಹಾಯಿ ಕಲಿಸಲೆಂದು ಒಂದು ಪುಟ್ಟ ದೋಣಿ ರೂಪಿಸಿದ. ನೀರಿನ ಮಟ್ಟದಲ್ಲಿ ಅದರ ಉದ್ದ ಹನ್ನೆರಡೂವರೆ ಅಡಿ. ಹೆಸರೂ ಅದೇ, ಹೆರೆಷಾಫ್ ಹನ್ನೆರಡೂವರೆ. ಮಸಾಚುಸೆಟ್ಸ್‌ನ ಬಜರ್ಡ್ಸ್ ಕೊಲ್ಲಿಯಲ್ಲಿ ಮಧ್ಯಾಹ್ನದ ಗಾಳಿ ಒರಟು, ಅಲೆ ಮೊಂಡು. ಅದಕ್ಕೆ ತಕ್ಕಂತೆ ಅಡಿಯಲ್ಲಿ ಭಾರವಿಟ್ಟ ದೋಣಿ. 1970ರ ದಶಕದಲ್ಲಿ ಅದರದೇ ಪ್ರತಿಯಾಗಿ ‘ಡೋಡಿಷ್’ ಎಂಬ ಫೈಬರ್ ದೋಣಿ ಬಂತು. ಕಟ್ಟಿದವರು ಆಕಾರವನ್ನಷ್ಟೇ ನಕಲು ಮಾಡಲಿಲ್ಲ. ಫೈಬರ್ ಹಗುರಾಗಿ ಹಳೆಯ ಮರದ ದೋಣಿಗಳಿಗೆ ಅನ್ಯಾಯವಾಗಬಾರದೆಂದು ತೂಕವನ್ನೂ, ಆ ತೂಕ ದೋಣಿಯ ಮೈಯಲ್ಲಿ ಹಂಚಿಕೊಂಡ ರೀತಿಯನ್ನೂ ಮೂಲಕ್ಕೆ ಸರಿದೂಗಿಸಿದರು. ಹಳೆಯ ದೋಣಿಗಳ ಒಡೆಯರು ಒಪ್ಪಿ ಜೊತೆಗೆ ಪಂದ್ಯಕ್ಕಿಳಿದರು. ಉತ್ತರ ಯುರೋಪಿನ ಫೋಕ್‌ಬೋಟ್‌ನಲ್ಲಿ ನಡೆದದ್ದು ಇನ್ನೂ ಮನಸ್ಸಿಗೆ ತಾಗುವಂಥದ್ದು. 1942ರಲ್ಲಿ ಸ್ವೀಡನ್ನಿನಲ್ಲಿ ಮೊದಲು ನೀರಿಗಿಳಿದ ಆ ದೋಣಿಯದೂ ಅಂಚಿನ ಮೇಲೆ ಅಂಚು ಬರುವ ಹಲಗೆಯ ಮೈ. 1970ರ ದಶಕದಲ್ಲಿ ಫೈಬರಿಗೆ ಒಪ್ಪಿಗೆ ಕೊಟ್ಟಾಗ ಆ ಅಂಚುಗಳನ್ನೂ ಅಚ್ಚಿನಲ್ಲಿ ಮೂಡಿಸಿದರು. ಹಲಗೆಯೇ ಇಲ್ಲದ ದೋಣಿಯ ಮೇಲೆ ಹಲಗೆಯ ಅಂಚುಗಳು ಸಾಲು ಸಾಲಾಗಿ ನಿಂತವು. ನೀರು ಆ ಅಂಚುಗಳ ಮೇಲೆ ಹರಿಯುವ ರೀತಿ ಎರಡೂ ದೋಣಿಗೆ ಒಂದೇ ಇರಬೇಕಲ್ಲ! ಇದನ್ನು ಬರೀ ಅಲಂಕಾರ ಎಂದು ತಳ್ಳಿಹಾಕುವುದು ತಪ್ಪು. ಹೊಸ ವಸ್ತು ಹಳೆಯದಕ್ಕೆ ತಗ್ಗಿ ನಡೆದ ಗುರುತು ಅದು.

ಇದೇ ಬಜರ್ಡ್ಸ್ ಕೊಲ್ಲಿಯ ಆಸುಪಾಸಿನಲ್ಲಿ ಬೀಟಲ್ ಕ್ಯಾಟ್ ಎಂಬ ಇನ್ನೊಂದು ವರ್ಗವಿದೆ. 12 ಅಡಿ 4 ಅಂಗುಲದ, ಒಂದೇ ಹಾಯಿಯ ದುಂಡು ದೋಣಿ. ತಿಮಿಂಗಿಲ ಬೇಟೆಯ ದೋಣಿಗಳನ್ನು ಕಟ್ಟುತ್ತಿದ್ದ ಬೀಟಲ್ ಮನೆತನ 1921ರಲ್ಲಿ ಇದನ್ನು ರೂಪಿಸಿತು. ತಿಮಿಂಗಿಲ ಬೇಟೆ ಹೋಯಿತು, ಅದನ್ನು ನಂಬಿದ ಊರುಗಳ ಸಂಪತ್ತು ಹೋಯಿತು, ಬೀಟಲ್ ಕ್ಯಾಟ್ ಮಾತ್ರ ಇವತ್ತಿಗೂ ಮರದಲ್ಲೇ, ಮೊದಲಿನ ಗೆರೆಗಳಿಗೇ ಹೊಸದಾಗಿ ತಯಾರಾಗುತ್ತಿದೆ. ಈವರೆಗೆ ನಾಲ್ಕು ಸಾವಿರಕ್ಕೂ ಹೆಚ್ಚು. ಫೈಬರಿಗೆ ಈ ವರ್ಗದವರು ಒಪ್ಪಲಿಲ್ಲ.

ಮೂರೂ ಕಡೆ ಹರಕೆ ಇದೆ, ಹರಕೆಯ ವಸ್ತು ಬೇರೆ. ಒಂದು ಕಡೆ ತೂಕ, ಇನ್ನೊಂದು ಕಡೆ ಅಂಚು, ಮತ್ತೊಂದು ಕಡೆ ಮರ. ಯಾವುದು ಸರಿ ಎಂದು ಹೊರಗಿನವರು ತೀರ್ಪು ಕೊಡಲಾಗದು. ಆದರೂ ಒಂದು ಮಾತನ್ನು ಹೇಳಲೇಬೇಕು. ಮರವನ್ನು ಬಿಡದವರು ಮರದ ಜೊತೆಗೆ ಇನ್ನೊಂದನ್ನೂ ಕಾಪಾಡುತ್ತಿದ್ದಾರೆ: ಎಲುಬನ್ನು ಹಬೆಯಿಂದ ತೆಗೆದು ಯಾವ ಗಳಿಗೆಯಲ್ಲಿ ಬಾಗಿಸಬೇಕೆಂದು ಬಲ್ಲ ಕೈ. ಕೊಳೆಯದ ದೋಣಿಗೆ ಬಡಗಿ ಬೇಕಿಲ್ಲ. ಕೊಳೆಯುವ ದೋಣಿ ಪ್ರತಿ ಚಳಿಗಾಲವೂ ಒಬ್ಬ ಬಡಗಿಯನ್ನು ಕೇಳುತ್ತದೆ, ಆ ಬಡಗಿ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಹೊರಗೆ ಕಬ್ಬಿಣ ಒತ್ತಿ ಹಿಡಿ ಎಂದು ಕರೆಯುತ್ತಾನೆ. ಹರಕೆ ಹೀಗೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತದೆ.

ವಸ್ತುಸಂಗ್ರಹಾಲಯದ ಹಡಗುಗಳ ದಾರಿ ಬೇರೆ. ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ‘ಟ್ರಿಂಕೊಮಲೀ’ ಎಂಬ ಯುದ್ಧನೌಕೆ ನಿಂತಿದೆ. 1817ರಲ್ಲಿ ಮುಂಬಯಿಯಲ್ಲಿ ವಾಡಿಯಾ ಮನೆತನದ ಪಾರ್ಸಿ ಹಡಗು ನಿರ್ಮಾಪಕರು ಮಲಬಾರಿನ ತೇಗದಲ್ಲಿ ಕಟ್ಟಿದ್ದು. ಓಕ್ ಮರದ ಎಷ್ಟೋ ಹಡಗುಗಳು ಹುಡಿಯಾದ ಮೇಲೂ ಪಶ್ಚಿಮ ಘಟ್ಟದ ಆ ತೇಗ ಉಳಿದಿದೆ. ಅಲ್ಲಿ ಕಾಪಾಡುವವರ ಧರ್ಮ ಹಳೆಯ ಮರವನ್ನು ಆದಷ್ಟೂ ಮುಟ್ಟದಿರುವುದು. ಅದು ಗೌರವಕ್ಕೆ ತಕ್ಕ ಕೆಲಸವೇ. ಮರದಲ್ಲಿ ಉಳಿಯ ಗುರುತಿದೆ, ಹೆಸರು ದಾಖಲಾಗದ ಸಾವಿರ ಕೂಲಿಗಳ ಶ್ರಮವಿದೆ; ಹೊಸ ಹಲಗೆಗೆ ಅದು ಬಾರದು. ಪಂದ್ಯದ ದೋಣಿಯವರು ಇದನ್ನು ಕಳೆದುಕೊಂಡೇ ಮುಂದೆ ಹೋಗುತ್ತಾರೆ. ನಷ್ಟವಿಲ್ಲದ ದಾರಿ ಇದಲ್ಲ.

ಪುರಿಯ ಜಗನ್ನಾಥನ ಸನ್ನಿಧಿಯಲ್ಲಿ ಈ ನಷ್ಟಕ್ಕೆ ಒಂದು ವಿಧಿಯೇ ಇದೆ. ಅಧಿಕ ಆಷಾಢ ಬರುವ ವರ್ಷಗಳಲ್ಲಿ, ಇತ್ತೀಚೆಗೆ 1996ರಲ್ಲಿ, ಆಮೇಲೆ 2015ರಲ್ಲಿ, ಬೇವಿನ ಮರದಿಂದ ದೇವರ ಹೊಸ ಮೂರ್ತಿಗಳನ್ನು ಮಾಡುತ್ತಾರೆ. ಇದು ನವಕಲೇಬರ. ಹಳೆಯ ಮೂರ್ತಿಯೊಳಗಿನ ‘ಬ್ರಹ್ಮಪದಾರ್ಥ’ವನ್ನು ಇರುಳಿನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹೊಸ ಮೂರ್ತಿಗೆ ದಾಟಿಸುತ್ತಾರೆ. ಹಳೆಯ ಮೂರ್ತಿಗಳನ್ನು ಕೋಯಿಲಿ ವೈಕುಂಠದಲ್ಲಿ ಮಣ್ಣು ಮಾಡುತ್ತಾರೆ. ದೈತಾಪತಿ ಸೇವಕರು ಸತ್ತ ನೆಂಟರಿಗೆ ಹಿಡಿಯುವಂತೆ ಸೂತಕ ಹಿಡಿಯುತ್ತಾರೆ. ಹಾಬ್ಸ್ ಹಾಕಿದ ಗಂಟು ಇಲ್ಲಿ ಬಿಚ್ಚಿಕೊಂಡಿದೆ. ಹಳೆಯ ಮರವನ್ನು ಜೋಡಿಸಿ ಇನ್ನೊಂದು ಮಾಡುವ ಮಾತೇ ಇಲ್ಲ, ಅದಕ್ಕೆ ಮಣ್ಣು ಕೊಟ್ಟಾಗಿದೆ. ದೇವರು ಅದೇ ಎಂಬ ನಂಬಿಕೆಯೂ, ಮರ ಸತ್ತಿತು ಎಂಬ ಅಳುವೂ ಒಂದೇ ಇರುಳಿನಲ್ಲಿ ಜೊತೆಗಿರುತ್ತವೆ. ಸಮಂತಭದ್ರರ ಮೂವರು ಮನುಷ್ಯರು ಇಲ್ಲಿ ಒಬ್ಬರೊಳಗೇ ಸೇರಿಕೊಂಡಿದ್ದಾರೆ.

ಡಬ್ಲಿನ್ ಕೊಲ್ಲಿಯ ಉತ್ತರದ ತುದಿಯಲ್ಲಿರುವ ಹೋತ್ ಎಂಬ ಊರಿಗೆ ಈ ಪರೀಕ್ಷೆ ಒಮ್ಮೆಲೇ ಬಂದೆರಗಿತು. ಅಲ್ಲಿನ ಹೆಮ್ಮೆ ಹೋತ್ ಸೆವೆಂಟೀನ್. ನೀರಿನ ಮಟ್ಟದಲ್ಲಿ 17 ಅಡಿ, ತುದಿಯಿಂದ ತುದಿಗೆ 22 ಅಡಿ 6 ಅಂಗುಲ. ವಿನ್ಯಾಸ ಹರ್ಬರ್ಟ್ ಬಾಯ್ಡ್‌ನದು. ಮೊದಲ ಐದು ದೋಣಿಗಳನ್ನು 1898ರಲ್ಲಿ ಉತ್ತರದ ಕ್ಯಾರಿಕ್‌ಫರ್ಗಸ್‌ನಲ್ಲಿ ಹಿಲ್ಡಿಚ್ ಎಂಬಾತ ಕಟ್ಟಿದ. ಒಡೆಯರು ಅಲ್ಲಿಂದ ಸುಮಾರು 90 ಮೈಲಿ ಕಡಲಲ್ಲೇ ಓಡಿಸಿಕೊಂಡು ಊರಿಗೆ ತಂದರು. ಕೂವೆಮರದ ಮೇಲುಗಡೆ ಇನ್ನೊಂದು ತ್ರಿಕೋನದ ಹಾಯಿ ಏರಿಸುವ ಹಳೆಯ ಪದ್ಧತಿಯನ್ನು ಬೇರೆ ಬಹುತೇಕರು ಬಿಟ್ಟರೂ ಹೋತ್‌ನವರು ಬಿಟ್ಟಿಲ್ಲ. ಅದಕ್ಕೆ ಹಗ್ಗ ಹೆಚ್ಚು, ಕೈ ಹೆಚ್ಚು ಬೇಕು, ತಪ್ಪಿಗೆ ಅವಕಾಶವೂ ಹೆಚ್ಚು. ಬಿಟ್ಟರೆ ಕೆಲಸ ಹಗುರಾಗುತ್ತಿತ್ತು.

2018ರ ಮಾರ್ಚ್ ಮೊದಲ ವಾರ ಎಮ್ಮಾ ಎಂಬ ಬಿರುಗಾಳಿ ಬೀಸಿತು. ಹೋತ್ ಬಂದರಿನ ಪೂರ್ವ ಕಟ್ಟೆಯ ಮೇಲೆ ಚಳಿಗಾಲಕ್ಕೆಂದು ದೋಣಿಗಳನ್ನು ಇಟ್ಟಿದ್ದ ಕೊಟ್ಟಿಗೆ ಮುರಿದುಬಿತ್ತು. ಒಳಗಿದ್ದ ಏಳು ದೋಣಿಗಳು ಘಾಸಿಗೊಂಡವು. ಕೆಲವು ಗುರುತು ಸಿಗದಂತೆ ಚೂರಾದವು. ನೂರಿಪ್ಪತ್ತು ವರ್ಷ ಒಂದೊಂದೇ ಹಲಗೆಯಾಗಿ ಬಂದಿದ್ದ ಬದಲಾವಣೆ ಒಂದೇ ಇರುಳಿನಲ್ಲಿ ಬಂತು. ಇಲ್ಲಿಯವರೆಗೆ ಹರಕೆಯ ಪರವಾಗಿ ಹೇಳಿದ ಮಾತು ನಿಲ್ಲುತ್ತದೋ ಬೀಳುತ್ತದೋ ಎಂದು ನೋಡಬೇಕಾದ್ದು ಇಲ್ಲಿಯೇ. ಒಂದೊಂದೇ ಹಲಗೆ ಬದಲಿಸಿದಾಗ ಹಳೆಯ ಮರ ಹೊಸ ಮರದ ಕೈ ಹಿಡಿದಿರುತ್ತದೆ. ಅದೇ ದೋಣಿ ಎನ್ನಲು ಮನಸ್ಸು ಹಿಂಜರಿಯುವುದಿಲ್ಲ. ಎಲ್ಲ ಒಟ್ಟಿಗೆ ಹೋದಾಗ?

ಹೋತ್‌ನವರು ದೋಣಿಗಳನ್ನು ಕೈಬಿಡಲಿಲ್ಲ. ರಿಪೇರಿ ಆಗುವಂಥವನ್ನು ರಿಪೇರಿ ಮಾಡಿಸಿದರು, ಆಗದಂಥವನ್ನು ಅದೇ ಗೆರೆಗಳಿಗೆ, ಅದೇ ಹೆಸರಿನಲ್ಲಿ ಮತ್ತೆ ಕಟ್ಟಿಸಿದರು. ನ್ಯಾಯ-ವೈಶೇಷಿಕರು ಇದನ್ನು ಹೊಸ ದೋಣಿ ಎನ್ನುತ್ತಾರೆ, ಅವರನ್ನು ತರ್ಕದಲ್ಲಿ ಸೋಲಿಸುವುದು ಸುಲಭವಲ್ಲ. ಆದರೆ ನಾಗಸೇನನ ದೀಪವನ್ನು ಇನ್ನೊಮ್ಮೆ ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಉರಿಯುತ್ತಿದ್ದದ್ದು ಒಂದೇ ದೀಪವಲ್ಲ, ದೀಪಗಳ ಸಾಲು. ಕೊಟ್ಟಿಗೆಯ ಹೊರಗೆ ಉಳಿದ ದೋಣಿಗಳಿದ್ದವು. ಅಳತೆ, ತೂಕ, ಹಲಗೆಯ ಬಾಗು, ಗಾಳಿಗೆ ಅವಳು ಓರೆಯಾಗುವ ಬಗೆ ಎಲ್ಲವೂ ಅವುಗಳಲ್ಲಿ ಜೀವಂತವಾಗಿತ್ತು. ಆರಿದ ದೀಪವನ್ನು ಪಕ್ಕದ ದೀಪದಿಂದ ಹಚ್ಚಿದರು. ಒಬ್ಬಳೇ ಇದ್ದಿದ್ದರೆ ಅವಳ ಕಥೆ ಅಂದಿಗೆ ಮುಗಿಯುತ್ತಿತ್ತು. ಎಲ್ಲರದ್ದೂ ಒಂದೇ ಎಂಬ ಹಳೆಯ ಮಾತು ಕೊಟ್ಟವರಿಗೇ ತಿಳಿಯದ ಹಾಗೆ ಬೇರೊಂದು ಕೆಲಸ ಮಾಡಿತ್ತು: ಪ್ರತಿ ದೋಣಿಯನ್ನೂ ಉಳಿದೆಲ್ಲ ದೋಣಿಗಳ ನೆನಪನ್ನಾಗಿ ಮಾಡಿತ್ತು.

ಪಂದ್ಯವಿಲ್ಲದಿದ್ದರೆ ಇದು ಆಗುತ್ತಿರಲಿಲ್ಲ. ಗೋಡೆಗೆ ಒರಗಿಸಿಟ್ಟ ದೋಣಿಯ ಗುಟ್ಟು ಪಕ್ಕದ ದೋಣಿಗೆ ತಿಳಿಯದು. ವಾರವಾರ ಒಂದೇ ಗಾಳಿಯಲ್ಲಿ ಮೈಗೆ ಮೈ ತಾಗುವಷ್ಟು ಹತ್ತಿರ ಓಡಿದವರಿಗೆ ಮಾತ್ರ ಇನ್ನೊಂದು ದೋಣಿಯ ನಡೆ ಇಂತಿಷ್ಟು ಎಂದು ಕರಾರುವಾಕ್ಕಾಗಿ ಗೊತ್ತು. ಮತ್ತೆ ಕಟ್ಟಿದ ದೋಣಿ ಮೊದಲ ಸಲ ಸಾಲಿನಲ್ಲಿ ನಿಂತಾಗ ಅವಳು ಅವಳೇ ಹೌದೋ ಎಂದು ನೋಡುವ ಕಣ್ಣು ಅವರದು. ಅವಳು ಉಳಿದವರಿಗಿಂತ ವೇಗವಾಗಿ ಓಡಿದರೆ ಹರಕೆ ಮುರಿಯಿತು. ತೀರಾ ಹಿಂದೆ ಬಿದ್ದರೆ ಬಡಗಿ ಎಲ್ಲೋ ತಪ್ಪಿದ. ದಡದಲ್ಲಿ ನಿಂತು ಮೀಮಾಂಸೆ ಮಾಡುವವರಿಗೆ ಈ ಪರೀಕ್ಷೆ ನಡೆಸುವ ದಾರಿಯಿಲ್ಲ.

ಏಪ್ರಿಲ್ ಬಂದಾಗ ಚಳಿಗಾಲವೆಲ್ಲ ಒಳಗಿದ್ದು ಒಣಗಿದ ಮರದ ದೋಣಿಗಳು ನೀರಿಗಿಳಿಯುತ್ತವೆ. ಇಳಿದ ಮೊದಲ ದಿನ ಹಳೆಯದೂ ಸೋರುತ್ತದೆ, ಹೊಸದೂ ಸೋರುತ್ತದೆ. ಮರ ಕುಗ್ಗಿ ಹಲಗೆಗಳ ನಡುವೆ ಕೂದಲೆಳೆಯ ಸಂದು ಬಿಟ್ಟಿರುತ್ತದೆ. ಒಡೆಯರು ಗಾಬರಿಯಾಗುವುದಿಲ್ಲ. ತುಂಬಿದ ನೀರನ್ನು ಬಕೆಟ್ಟಿನಿಂದ ಎತ್ತಿ ಚೆಲ್ಲುತ್ತಾರೆ, ಸಂಜೆ ಮತ್ತೊಮ್ಮೆ ಬಂದು ನೋಡುತ್ತಾರೆ, ಮರುದಿನವೂ ಬರುತ್ತಾರೆ. ಎರಡು ಮೂರು ದಿನಕ್ಕೆ ನೀರು ಕುಡಿದ ಹಲಗೆಗಳು ಉಬ್ಬಿ, ನೂರು ವರ್ಷದ್ದೂ ಹೋದ ವರ್ಷದ್ದೂ ಒಂದನ್ನೊಂದು ಒತ್ತಿಕೊಂಡು ಸಂದು ಮುಚ್ಚುತ್ತವೆ. ಆಮೇಲೆ ಕೂವೆಮರ ನಿಲ್ಲಿಸುತ್ತಾರೆ.